ಬಿಸಿಲು ಕಾಲದ ಮಳೆ

ಹಾಸನ
ಫೆಬ್ರುವರಿ ಕೊನೆ

ಬೆಟ್ಟಮ್ಮಜ್ಜಿಗೆ ಚಂದ್ರಿಕಾಳ ನಮಸ್ಕಾರ. ಇದನ್ನು ನಿಮ್ಮ ಕೂಲಿ ಲೈನಿನ ಮನೆಗಳ ಶೀಲಾ ಓದಿ ಹೇಳಲಿ.

ಹಾನುಬಾಳಿನ ನಿಮ್ಮ ಎಸ್ಟೇಟಿನಲ್ಲಿ ನಾನು ನಿಲ್ಲಿಸಿದ ಮಳೆ ಅಳೆಯುವ ಯಂತ್ರ ಕೆಟ್ಟಿಲ್ಲ. ಆದರೂ ಈ ಸುಡುಬಿಸಿಲಿನಲ್ಲಿ ದಿನಾ ಬೆಳಿಗ್ಗೆ ಅದು ಮಳೆ ಬಂತೆಂದು ಇಲ್ಲಿ ನಮ್ಮ ಆಫೀಸಿಗೆ ಸುದ್ದಿ ಕಳಿಸುತ್ತಿದೆಯೆಂದು ನಮ್ಮ ಸಾಹೇಬರು ರೇಗಿದ್ದಾರೆ. ರಿಪೇರಿಗೆಂದು ಮೊನ್ನೆ ಬಂದಾಗ ನೀವೇ ನಗುತ್ತ ಹೇಳಿದಿರಿ:

"ನಾನೇ ಕಣವ್ವ, ಒಂದ್ ಚೊಂಬು ನೀರು ಹುಯ್ತೀನಿ. ಅಲ್ಲಿ ಒಬ್ಳೇ ಕೂತಿರ್ತೀಯಲ್ಲ, ಅಜ್ಜಿ ಎದ್ದವ್ಳೆ ಅಂತ ಗೊತ್ತಾಗ್ಲಿ ಅಂತ. ನಿಂಗೆ ಮುಟ್ತೈತೋ ಇಲ್ವೋ, ತಿರುಗ್ಸಿ ಒಂದ್ ಮಾತೂ ಬರಲ್ಲ."

ಮುಟ್ಟುತ್ತದೆ ಅಜ್ಜಿ. ಯಂತ್ರ ಸುದ್ದಿಯನ್ನು ಪುಟ್ಟ ಪೊಟ್ಟಣ ಕಟ್ಟಿ ಎಸೆಯುತ್ತದೆ, ಸೇರಿತೇ ಎಂದು ಕೇಳುವುದಿಲ್ಲ. ಹ್ಯಾಸ್ಕೆಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನಾನು ಬರೆದ ಪ್ರೋಗ್ರಾಂ ಇಲ್ಲಿ ಅದಕ್ಕಾಗಿ ಕಾದು ಕೂತಿರುತ್ತದೆ. ಬಂದೊಡನೆ ಸುದ್ದಿಯನ್ನೂ ಅದು ಹೊರಟ ವಿಳಾಸವನ್ನೂ ಜೋಡಿ ಮಾಡಿ ನನ್ನ ಕೈಗಿಡುತ್ತದೆ. ಉತ್ತರ ಕಳಿಸುವುದನ್ನು ನಾನು ಅದಕ್ಕೆ ಕಲಿಸಿಲ್ಲ. ಅದಕ್ಕೇ ಈ ಕಾಗದ.

ದಯವಿಟ್ಟು ಇನ್ನು ನೀರು ಹಾಕಬೇಡಿ. ಲೆಕ್ಕ ಹೀಗೇ ತಪ್ಪುತ್ತಿದ್ದರೆ ಯಂತ್ರವನ್ನೇ ಕಿತ್ತು ತಾ ಎಂದಿದ್ದಾರೆ ಸಾಹೇಬರು. ಅದರ ಬಾಯಿಗೆ ಬೀಳುವ ಎಲೆಗಳನ್ನು ತೆಗೆದರೆ ಸಾಕು.

ಭಾನುವಾರ ಮಾತ್ರ ಮರೆಯದೆ ಒಂದು ಚೊಂಬು ಹಾಕಿ. ಲೆಕ್ಕದಿಂದ ಅದನ್ನು ನಾನು ತೆಗೆದುಹಾಕುತ್ತೇನೆ. ರಜೆಯ ದಿನ ಆಫೀಸಿಗೆ ಬೇರೆ ಯಾರೂ ಬರುವುದಿಲ್ಲ, ನಾನು ಬರುತ್ತೇನೆ.

ನಿಮ್ಮ
ಚಂದ್ರಿಕಾ