ಕಾರಿನ ಟವೆಲ್, ಅಪ್ಪನ ತಲೆ

ಮಾರ್ಚ್ ೯, ಭಾನುವಾರ

ಕಾರಿನ ಟವೆಲ್ಲಿನಲ್ಲಿ ಅಪ್ಪ ತಲೆ ಒರೆಸಿಕೊಂಡರು. ಬೆಳಗ್ಗೆಯಿಂದ ಮನಸ್ಸನ್ನು ಕೊರೆಯುತ್ತಿರುವುದು ಇದೊಂದೇ.

ಎಳೆಮಗುವಿಗೆ ಸ್ನಾನ ಮಾಡಿಸಿದ ಹಾಗೆ ಕಾರು ತೊಳೆದಿದ್ದೆ. ನೀರು ಆರಿ ಕಲೆ ಕೂರುವ ಮೊದಲೇ ಒರೆಸೋಣವೆಂದರೆ ತಂತಿಯ ಮೇಲೆ ಟವೆಲ್ ಇಲ್ಲ. ಬಚ್ಚಲಿನಿಂದ ಹೊರಬಂದ ಅಪ್ಪನ ಬೋಳುತಲೆಯ ಮೇಲಿದೆ!

"ಅದು ಕಾರಿಂದು! ಒಂದು ಮರಳಿನ ಕಣ ಅಂಟಿದ್ರೂ ಬಣ್ಣಕ್ಕೆ ಗೀರು ಬೀಳುತ್ತೆ!" ಎಂದು ಕೂಗಾಡಿದೆ.

"ಕೂದಲೇ ನಿಲ್ಲದ ತಲೇಲಿ ಮರಳು ಎಲ್ಲಿ ನಿಲ್ಲುತ್ತೋ?" ಅಂದರು ಅಪ್ಪ. ಆಮೇಲೆ ಮೆಲ್ಲಗೆ, "ಎಷ್ಟು ಮೆತ್ತಗಿದೆ ಇದು."

ಹೆಂಡತಿ ಬಿಡುತ್ತಾಳೆಯೇ? "ಕಾರಿಗೆ ಬೆಣ್ಣೆಯಂಥ ಟವೆಲ್. ಮಾವನಿಗೆ ಪಾತ್ರೆ ಉಜ್ಜೋ ನಾರು."

ಅಪ್ಪ ಒಳಗೆ ಹೋಗಿ, ಒಗೆದೊಗೆದು ಜೇಡರ ಬಲೆಯಾದ ತಮ್ಮ ಬನಿಯನ್ ತಂದುಕೊಟ್ಟರು. "ಇದ್ರಲ್ಲಿ ಒರ್ಸು." ಒರೆಸಿದೆ. ಒಂದೇ ಒಂದು ಗೀರಿಲ್ಲ. ಟವೆಲ್ಲಿಗಿಂತ ಇದೇ ವಾಸಿ ಎಂದು ಹೆಂಡತಿಗೆ ಹೇಳಿಲ್ಲ, ಹೇಳುವುದೂ ಇಲ್ಲ.

ಅದೇ ಬನಿಯನ್ನಿನಲ್ಲಿ ಪಾಲಿಶ್ ಉಜ್ಜುವಾಗ ಅಪ್ಪ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು. ಬಾನೆಟ್ಟಿನಲ್ಲಿ ತಮ್ಮ ತಲೆ ನೋಡಿಕೊಂಡು, "ಉಳಿದ್ರೆ ಇಲ್ಲಿಗೂ ಸ್ವಲ್ಪ ಹಚ್ಚೋ" ಅಂದರು.

ನಕ್ಕೆ. ತಪ್ಪಾಯಿತು ಅನ್ನಲು ಅದೇ ಸರಿಯಾದ ಹೊತ್ತಾಗಿತ್ತು, ಬಾಯಿ ಬರಲಿಲ್ಲ. ಟವೆಲ್ ವಾಪಸ್ ಕೇಳಲಿಲ್ಲ, ಅಷ್ಟೇ. ಈಗ ಅದು ಅವರ ದಿಂಬಿನ ಮೇಲೆ ಹಾಸಿದೆ.

ಬನಿಯನ್ ತುಂಬ ಪಾಲಿಶ್ ಮೆತ್ತಿದೆ. ಬರುವ ಭಾನುವಾರಕ್ಕೆ ಇನ್ನೊಂದು ಬೇಕು. ಯಾವ ಮುಖ ಇಟ್ಟುಕೊಂಡು ಕೇಳಲಿ...