ಅಂಗೈ ಖಾಲಿ ಇರಬೇಕಂತೆ

ಆಲ್ವಿನ್,

ನಿನ್ನ ಧ್ಯಾನದವರು ಬರುವ ಹೊತ್ತಿಗೆ ನಾನು ಮನೆಯಲ್ಲಿರುವುದಿಲ್ಲ. ಚಾಪೆ ಕೊಡವಿ ಹಾಸಿದ್ದೇನೆ. ಫ್ಲಾಸ್ಕಿನಲ್ಲಿ ಕಾಫಿ ಇದೆ, ಸಕ್ಕರೆ ಬೇರೆ ಇಟ್ಟಿದ್ದೇನೆ. ಕೊಟ್ಟಿಗೆಹಾರದ ಎಸ್ಟೇಟ್ ರೈಟರಿಗೆ ಶುಗರ್ ಇದೆ, ಅವರಿಗೆ ಹಾಕಬೇಡ. ನೀನೇ ಬಗ್ಗಿಸಿ ಕೊಡು. ನಿನ್ನ ಕೈ ಹೇಗೂ ಖಾಲಿ ಇರುತ್ತದಲ್ಲ.

ಗೇಟಿನ ಬೋರ್ಡ್ ಮಾತ್ರ ಒರೆಸಿಲ್ಲ. 'ಯೇಸು ಧ್ಯಾನ ಬಳಗ, ಎಲ್ಲ ಧರ್ಮದವರಿಗೂ ಸ್ವಾಗತ' ಅಂತ ಓದಿ, ಬಟ್ಟೆ ಹಿಡಿದುಕೊಂಡೇ ಒಳಗೆ ಬಂದೆ.

ಹೋದ ಶನಿವಾರ ನೀನು ಕರೆದೆ ಅಂತ ತಾನೇ ಪಕ್ಕದ ಮನೆ ಮುದ್ದಮ್ಮ ಬಂದಿದ್ದು? ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದರು. ನೀನು ಹೋಗಿ, "ಅಂಗೈ ಖಾಲಿ ಇಟ್ಕೊಳ್ಳಿ ಮುದ್ದಮ್ಮೋರೇ, ದೇವ್ರು ಬರಿಗೈಗೇ ಬರೋದು" ಅಂದೆ. ನನ್ನ ಕೈಯಲ್ಲಿದ್ದ ಜಪಸರ ನೋಡಿಯೂ ಹಾಗೇ ಅಂದಿದ್ದೆ. ನಾನು ಹೆತ್ತವಳು, ನುಂಗಿಕೊಂಡೆ.

ಅವರು ಎದ್ದು, ಹೊರಗೆ ಜಗಲಿಯಲ್ಲಿ ಕೂತರು. ನಾನು ಬಾಗಿಲಲ್ಲಿ ನಿಂತು ಇಬ್ಬರನ್ನೂ ನೋಡಿದೆ. ಅವರ ಕಣ್ಣು ಅಂಗೈ ಬಿಟ್ಟು ಕದಲಲಿಲ್ಲ. ನೀನು ಒಂದು ಕಣ್ಣು ತೆರೆದು ಗಡಿಯಾರ ನೋಡುತ್ತಿದ್ದೆ.

ಮಂಗಳೂರಿನಲ್ಲಿ ಒಂದು ವಾರ ಶಿಬಿರ ಮಾಡಿ ಬಂದವನು ನೀನು ಮಾರಾಯ. ಅವರು ಮದುವೆಗೂ ಮುಂಚಿನಿಂದ ದಿನಾ ಬೆಳಿಗ್ಗೆ ಹಾಗೆ ಕೂರುವವರು. ಅವರಿಗೆ ನೀನು ಉಸಿರಾಡುವುದನ್ನು ಕಲಿಸಲು ಹೊರಟೆ.

ಇವತ್ತು ನಾನು ಅವರ ಮನೆಯಲ್ಲಿ ಕೂರುತ್ತೇನೆ. ಕ್ಷಮೆ ಕೇಳಲು ಹೋದವಳಿಗೆ, "ಶನಿವಾರ ಇಲ್ಲಿಗೇ ಬನ್ನಿ, ನಿಮ್ ಜಪಸರಾನೂ ತನ್ನಿ" ಅಂದರು.

ಅವರ ಗೇಟಿಗೆ ಯಾವ ಬೋರ್ಡೂ ಇಲ್ಲ.

ಅಮ್ಮ