ಎರಡೂ ಕಡೆಯಿಂದ ಓದುವ ಗೆರೆ

ಹಾನಗಲ್,
೧೮ ನವೆಂಬರ್ ೨೦೨೪

ಪ್ರೀತಿಯ ನುಜಹತ,

ಹೇಗಿದ್ದೀಯವ್ವಾ? ಅಮ್ಮಿಯ ಮೊಣಕಾಲು ನೋವು ಕಡಿಮೆಯಾಯಿತೇ? ನಿನ್ನ ಫೋನು ಎತ್ತದೆ ಕೂತಿದ್ದಕ್ಕೆ ಬೈಯಬೇಡ. ಎತ್ತಿದರೆ ಅಳು ಬರುತ್ತದೆ, ಪಕ್ಕದಲ್ಲೇ ಇವರು ಕೂತಿರುತ್ತಾರೆ. ಅದಕ್ಕೇ ಈ ಕಾಗದ.

ನಿಮ್ಮ ಮೃತ್ಯುಂಜಯ ಸರ್‌ಗೆ ಮರೆವಿನ ಕಾಯಿಲೆ. ಹುಬ್ಬಳ್ಳಿಯ ಡಾಕ್ಟರು "ಇದು ಕಡಿಮಿ ಆಗೂದಲ್ರಿ, ಹೆಚ್ಚಾಗೂದು" ಎಂದುಬಿಟ್ಟರು. ಉಂಡದ್ದು ಮರೆಯುತ್ತಾರೆ, ಬಚ್ಚಲು ಯಾವ ಕಡೆ ಎಂದು ಕೇಳುತ್ತಾರೆ. ಆದರೆ ಅಡುಗೆಮನೆಯ ಗೋಡೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತರೆ ಚೌಕ, ಗೆರೆ ಒಂದೂ ತಪ್ಪುವುದಿಲ್ಲ.

ಆ ಗೋಡೆ ನೆನಪಿದೆಯಲ್ಲ? ನೀನೂ ಇವರೂ ಶಿಗ್ಗಾವಿಯಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಾಗ, ಸವಣೂರಿನ ವೀಳ್ಯದೆಲೆ ತೋಟದವರ ಸಂಘಕ್ಕೆ ಡೇಟಾಬೇಸ್ ಮಾಡಲು ಹೊರಟಿದ್ದಿರಿ. ಯಾವ ತೋಟ ಯಾರದು, ಯಾರ ಎಲೆ ಯಾವ ವ್ಯಾಪಾರಿಗೆ ಎಂಬ ನಕ್ಷೆ ತೋರಿಸಿದರೆ, ಇಂಗ್ಲಿಷ್ ಪುಸ್ತಕದ 'ಒಬ್ಬರಿಗೆ ಹಲವು' ಎಂದು ತೋರಿಸುವ ಆ ಮೂರು ಕವಲಿನ ಗುರುತು ನೋಡಿ ಸಂಘದ ನೀಲಪ್ಪ, "ಇದೇನ್ರೀ, ಕಾಗಿ ಕಾಲು ಬರದೀರಿ?" ಎಂದು ಎದ್ದೇ ಹೋದ. ನಮ್ಮ ಮನೆಗೆ ಬಂದು ಊಟಕ್ಕೆ ಕೂತರೂ ನಿಮ್ಮದು ಅದೇ ವಾದ. ರೊಟ್ಟಿ ಆರುತ್ತಿತ್ತು. ಸಿಟ್ಟಿನಲ್ಲಿ ಅಂದೆ: "ಮದುವಿ ಮನ್ಯಾಗ ಹೊಸಬರು ಕಂಡ್ರ ಏನ್ ಕೇಳ್ತೇವಿ? ನೀವು ಅವರಿಗೆ ಏನಾಗಬೇಕ್ರಿ ಅಂತೇವಿ. ಹಂಗ ಕೇಳ್ರಿ. ನಂಟಂದ್ರ ಎರಡೂ ಕಡಿಂದ ಹೇಳಾಕ ಬರಬೇಕು. ಈಗ ಉಣ್ರಿ."

ಇವರು ಉಣ್ಣಲಿಲ್ಲ, ಎಂಜಲು ಕೈಯಲ್ಲೇ ಎದ್ದು ಗೋಡೆಗೆ ಬರೆದರು. ಹೆಸರಿಗೊಂದು ಚೌಕ, ನಂಟಿಗೊಂದು ಗೆರೆ. ಗೆರೆಯನ್ನು ಎರಡೂ ತುದಿಯಿಂದ ಕನ್ನಡದ ಮಾತಾಗಿ ಓದಬೇಕು: ಆ ಕಡೆಯಿಂದ 'ನೀಲಪ್ಪ ಈ ತೋಟದ ಒಡೆಯ', ಈ ಕಡೆಯಿಂದ 'ಈ ತೋಟ ನೀಲಪ್ಪನದು'. ಒಂದೇ ಕಡೆಯಿಂದ ಓದಲು ಬಂದರೆ ಅಳಿಸಬೇಕು. ಮರುವಾರ ನೀಲಪ್ಪನೂ ಓದಿದ. ಹಾಗೆ ಹುಟ್ಟಿತು ನಿಮ್ಮ 'ನಂಟು' ಭಾಷೆ. ಈಗ ಹಿರೇಕೆರೂರಿನ ಕಾಲೇಜಿನವರೂ ಅದರಲ್ಲೇ ನಕ್ಷೆ ಹಾಕುತ್ತಾರಂತೆ. "ರೂಲು ನಿಮ್ದರಿ ಅಕ್ಕಾ" ಎಂದು ನೀನು ಕಾಡಿಸುತ್ತಿದ್ದೆ.

ನುಜಹತ, ನನಗೆ ದಿಕ್ಕೇ ತೋಚುತ್ತಿಲ್ಲ. ಇವರು ದಿನಾ ನಿನ್ನ ಚೌಕ ಬರೆದು, "ನುಜಹತ ಎಲ್ಲಿ? ಗೆರಿ ಆಕಿ ಎಳೀಬೇಕು" ಎನ್ನುತ್ತಾರೆ. ಇದ್ದ ಕೆಲಸ ಬಿಟ್ಟು ಬಾ, ನಿನ್ನ ಕೈಮುಗಿಯುತ್ತೇನೆ. ನನ್ನ ಮಾತು ನಂಬುತ್ತಿಲ್ಲ, ನೀನು ಎಳೆದ ಗೆರೆಯನ್ನಾದರೂ ನಂಬಿಯಾರು. ಬರುವಾಗ ತಿನ್ನಲು ಸವಣೂರ ಖಾರಾ ತಾ, ಇವರು ಅದರ ರುಚಿ ಮರೆತಿಲ್ಲ.

ಅಮ್ಮಿಗೆ ನನ್ನ ನಮಸ್ಕಾರ ಹೇಳು. ನೀನು ತಣ್ಣಗಿರು ತಾಯಿ.

ನಿನ್ನ
ತನುಜಕ್ಕ

ತಾ.ಕ.: ಬರೆಯಬಾರದೆಂದಿದ್ದೆ. ಇಂದು ಮುಂಜಾನೆ ನನ್ನ ಹೆಸರು ಕೇಳಿ ಚೌಕ ಹಾಕಿದರು. ಪಕ್ಕದಲ್ಲಿ ತಮ್ಮದು. "ನೀವು ನಮಗ ಏನಾಗಬೇಕ್ರಿ?" ಎಂದರು. ಹೆಂಡತಿ ಎಂದೆ. ಗೆರೆ ಎಳೆದು ನನ್ನ ತುದಿಯಿಂದ ಓದಿದರು: "ತನುಜಾ ಮೃತ್ಯುಂಜಯನ ಹೆಂಡತಿ." ತಮ್ಮ ತುದಿಗೆ ಬೆರಳಿಟ್ಟು "ಮೃತ್ಯುಂಜಯ ತನುಜಾನ..." ಎಂದು ಎರಡು ಸಲ ಓದಲು ನೋಡಿದರು. ಆಮೇಲೆ, "ತಪ್ಪು ತಿಳೀಬ್ಯಾಡ್ರಿ ಅಕ್ಕಾರ, ಇದು ಒಂದ ಕಡಿಂದ ಓದಾಕ ಬರತೈತಿ" ಎಂದು ಅಂಗೈಯಿಂದ ಗೆರೆ ಒರೆಸಿದರು.